ಡರ್ಮಲ್ ಪಿಯರ್ಸಿಂಗ್ ಮಾಡಿಸಿಕೊಂಡಿದ್ದೀರಾ? ಗಾಯ ಮಾಗುವವರೆಗೆ ಆರೈಕೆ ಹೀಗಿರಲಿ

ಕಿವಿ ಚುಚ್ಚಿದಾಗ ಆಭರಣ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆ ಹೊರಬರುತ್ತದೆ. ಡರ್ಮಲ್ ಪಿಯರ್ಸಿಂಗ್‌ನಲ್ಲಿ ರಂಧ್ರ ಒಂದೇ. ಸಾಮಾನ್ಯವಾಗಿ ಟೈಟಾನಿಯಂನಿಂದ ಮಾಡಿದ ಪುಟ್ಟ ಆ್ಯಂಕರ್ ಚರ್ಮದಡಿ ಕೂರುತ್ತದೆ, ಮೇಲೆ ಕಾಣುವುದು ಹರಳು ಮಾತ್ರ. ಆ್ಯಂಕರ್‌ನ ತೂತುಗಳಲ್ಲಿ ಅಂಗಾಂಶ ಬೆಳೆದು ಅದನ್ನು ಹಿಡಿದಿಡಲು ಸುಮಾರು 1ರಿಂದ 3 ತಿಂಗಳು ಬೇಕು. ಅಷ್ಟರೊಳಗೆ ಎಳೆದಾಡಿದರೆ ದೇಹವೇ ಅದನ್ನು ಹೊರತಳ್ಳಬಹುದು.

ಏನು ಮಾಡಬೇಕು?

ಸೋಪಿನಿಂದ ಕೈ ತೊಳೆದೇ ಗಾಯ ಮುಟ್ಟಿ. ದಿನಕ್ಕೆ 2 ಬಾರಿ 0.9% ಸ್ಟೆರೈಲ್ ಸಲೈನ್‌ನಿಂದ ಸ್ವಚ್ಛಗೊಳಿಸಿ, ಶುಚಿಯಾದ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒಣಗಿಸಿ. ಟವೆಲ್, ದುಪಟ್ಟಾ, ಬ್ಯಾಗಿನ ಪಟ್ಟಿ ಸಿಕ್ಕಿಹಾಕಿಕೊಳ್ಳದಂತೆ ಎಚ್ಚರವಹಿಸಿ.

ಏನು ಮಾಡಬಾರದು?

ಅರಿಶಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬೇಡಿ. ಹರಳನ್ನು ತಿರುಗಿಸಬೇಡಿ. ಗಾಯ ಮಾಗುವವರೆಗೆ ಈಜುಕೊಳ, ಸಮುದ್ರದ ನೀರು ಬೇಡ.

ವೈದ್ಯರ ಬಳಿ ಯಾವಾಗ?

ಆರಂಭದಲ್ಲಿ ಬಿಳಿ-ಹಳದಿ ಹಕ್ಕಳೆ ಕಟ್ಟುವುದು ಸಹಜ. ಆದರೆ ಹಸಿರು ಕೀವು, ಹರಡುವ ಕೆಂಪು, ಹೆಚ್ಚುವ ನೋವು ಅಥವಾ ಜ್ವರ ಕಾಣಿಸಿದರೆ ತಡಮಾಡಬೇಡಿ. ಆ್ಯಂಕರ್ ಅನ್ನು ಮನೆಯಲ್ಲೇ ಕೀಳುವ ಸಾಹಸವಂತೂ ಬೇಡ. ಅಂಗಾಂಶ ಹರಿದು ಕಲೆ ಉಳಿಯಬಹುದು. ಎಂಆರ್‌ಐ ಸ್ಕ್ಯಾನ್ ಇದ್ದರೆ ಪಿಯರ್ಸಿಂಗ್ ಇರುವುದನ್ನು ಮೊದಲೇ ತಿಳಿಸಿ.