ಬೆಟ್ಟದೊಳಗೆ ಎರಡು ತಂಡಗಳ ಭೇಟಿ

ಗ್ರೀಸ್ ದೇಶಕ್ಕೆ ಸೇರಿದ ಸಾಮೋಸ್ ದ್ವೀಪ ತುರ್ಕಿಯ ಕರಾವಳಿಗೆ ತೀರ ಹತ್ತಿರದಲ್ಲಿದೆ. ಅದರ ಪ್ರಾಚೀನ ನಗರ ದಕ್ಷಿಣದ ಕಡಲಂಚಿನಲ್ಲಿತ್ತು. ಒಳ್ಳೆಯ ನೀರಿನ ಬುಗ್ಗೆ ಇದ್ದುದು ಮಾತ್ರ ನಗರದ ಬೆನ್ನಿಗಿದ್ದ ಬೆಟ್ಟದ ಆಚೆ. ಬೆಟ್ಟವನ್ನು ಬಳಸಿ ಕಾಲುವೆ ತರಬಹುದಿತ್ತು. ಆದರೆ ಮುತ್ತಿಗೆ ಹಾಕಿದ ಶತ್ರು ಮೊದಲು ಒಡೆಯುವುದು ಕಣ್ಣಿಗೆ ಬೀಳುವ ಕಾಲುವೆಯನ್ನೇ ಅಲ್ಲವೆ? ಆದ್ದರಿಂದ ಕ್ರಿ.ಪೂ. 6ನೆಯ ಶತಮಾನದ ನಡುಭಾಗದಲ್ಲಿ ನೀರನ್ನು ಬೆಟ್ಟದ ಹೊಟ್ಟೆಯೊಳಗಿನಿಂದಲೇ ತರುವ ನಿರ್ಧಾರವಾಯಿತು.

ಕೆಲಸ ವಹಿಸಿಕೊಂಡವನು ಮೆಗಾರ ಪಟ್ಟಣದ ಯುಪಲಿನೋಸ್. ಇತಿಹಾಸಕಾರ ಹೆರೊಡೋಟಸ್ ಅವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಬರೆದಿಟ್ಟಿದ್ದರಿಂದ ನಮಗೆ ಅಷ್ಟಾದರೂ ತಿಳಿದಿದೆ. ಕಲ್ಲು ಕಡಿದವರ ಹೆಸರು ಯಾರೂ ಬರೆಯಲಿಲ್ಲ.

ಸುರಂಗದ ಉದ್ದ 1,036 ಮೀಟರ್. ಅಗಲ, ಎತ್ತರ ಸುಮಾರು 1.8 ಮೀಟರ್. ಸಾಧನ ಸುತ್ತಿಗೆ ಮತ್ತು ಉಳಿ, ಬೆಳಕಿಗೆ ಎಣ್ಣೆಯ ಹಣತೆ. ನಮ್ಮ ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು: ಅಲ್ಲಿ ನೆಲದಡಿಯ ಕಾಲುವೆಯ ಮೇಲೆ ಸಾಲಾಗಿ ಬಾವಿಯಂಥ ರಂಧ್ರಗಳಿವೆ. ಒಂದು ಬಾವಿಯಿಂದ ಇನ್ನೊಂದಕ್ಕೆ ತೋಡುತ್ತ ಹೋದರೆ ದಾರಿ ತಪ್ಪುವ ಭಯ ಕಡಿಮೆ. ಸಾಮೋಸ್‌ನಲ್ಲಿ ಈ ಉಪಾಯ ನಡೆಯುವಂತಿರಲಿಲ್ಲ. ಬೆಟ್ಟದ ನೆತ್ತಿ ಸುರಂಗದಿಂದ 150 ಮೀಟರಿಗೂ ಹೆಚ್ಚು ಮೇಲಿದೆ. ಕಿರಿದಾದ ಸುರಂಗದ ತುದಿಯಲ್ಲಿ ಏಕಕಾಲಕ್ಕೆ ಒಬ್ಬಿಬ್ಬರಷ್ಟೇ ಕಲ್ಲು ಒಡೆಯಬಲ್ಲರು. ಆದ್ದರಿಂದ ಸಮಯ ಉಳಿಸಲು ಉತ್ತರದಿಂದ ಒಂದು ತಂಡ, ದಕ್ಷಿಣದಿಂದ ಒಂದು ತಂಡ ಕೊರೆಯತೊಡಗಿದವು. ಎರಡೂ ಕತ್ತಲಲ್ಲಿ ಹೊರಟು ನಡುವೆ ಸೇರಬೇಕು!

ದಿಕ್ಕನ್ನು ನಿಶ್ಚಯಿಸಿದ್ದು ಹೇಗೆ? ಸುಮಾರು ಆರುನೂರು ವರ್ಷಗಳ ನಂತರ ಅಲೆಕ್ಸಾಂಡ್ರಿಯದ ಹೀರೋ ಒಂದು ವಿಧಾನವನ್ನು ವಿವರಿಸಿದ್ದಾನೆ. ಒಂದು ಬಾಯಿಯಿಂದ ಹೊರಟು ಬೆಟ್ಟದ ಸುತ್ತ ಲಂಬಕೋನದಲ್ಲಿ ತಿರುಗುತ್ತ ಇನ್ನೊಂದು ಬಾಯಿಯನ್ನು ಮುಟ್ಟುವುದು. ಉತ್ತರ-ದಕ್ಷಿಣ ಒಟ್ಟು ಎಷ್ಟು, ಪೂರ್ವ-ಪಶ್ಚಿಮ ಒಟ್ಟು ಎಷ್ಟು ಎಂದು ಕೂಡಿಸುವುದು. ಲಂಬಕೋನ ತ್ರಿಭುಜದ ಎರಡು ಬಾಹು ಸಿಕ್ಕಿದರೆ ಕರ್ಣದ ದಿಕ್ಕು ಸಿಕ್ಕಂತೆಯೇ. ಆದರೆ ಹೀರೋ ಸಾಮೋಸ್‌ನ ಹೆಸರೆತ್ತಿಲ್ಲ. ಸುರಂಗವನ್ನು ಕೂಲಂಕಷವಾಗಿ ಅಳೆದ ಜರ್ಮನ್ ವಿದ್ವಾಂಸ ಹೆರ್ಮನ್ ಕೀನಾಸ್ಟ್ ಅವರ ಅಭಿಪ್ರಾಯ ಬೇರೆ: ಬೆಟ್ಟದ ಮೇಲೆಯೇ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಟ್ಟು, ಆ ಸಾಲನ್ನು ಎರಡೂ ಬಾಯಿಗಳಿಗೆ ಇಳಿಸಿರಬೇಕು. ನನಗೆ ಇದೇ ಹೆಚ್ಚು ಸಹಜವೆನಿಸುತ್ತದೆ. ಯೂಕ್ಲಿಡ್ ಹುಟ್ಟಲು ಇನ್ನೂ ಎರಡು ಶತಮಾನಗಳಿದ್ದವು. ಇದೇ ದ್ವೀಪದ ಪೈಥಾಗೊರಸ್ ಆಗ ಬಹುಶಃ ಬಾಲಕ ಅಥವಾ ತರುಣ.

ಉತ್ತರದ ತಂಡಕ್ಕೆ ತೊಂದರೆ ಎದುರಾಯಿತು. ಕಲ್ಲು ಸಡಿಲವಾಯಿತು, ನೀರು ಮತ್ತು ಕೆಸರು ಬಂದವು. ಯುಪಲಿನೋಸ್ ನೇರ ದಾರಿ ಬಿಟ್ಟು ಪಶ್ಚಿಮಕ್ಕೆ ಸರಿದು, ತ್ರಿಭುಜದ ಎರಡು ಬಾಹುಗಳಂತೆ ಸುತ್ತು ಹಾಕಿ ಮತ್ತೆ ಮೊದಲಿನ ಗೆರೆಗೆ ಬರುವಂತೆ ಲೆಕ್ಕ ಹಾಕಿದ. ಲೆಕ್ಕದಲ್ಲಿ ಎರಡೇ ಮೀಟರ್ ತಪ್ಪಿದರೂ ಎರಡು ಸುರಂಗಗಳು ಅಕ್ಕಪಕ್ಕದಲ್ಲೇ ಹಾದು ಹೋಗಿಬಿಡುತ್ತಿದ್ದವು. ಸಮಾಂತರ ರೇಖೆಗಳು ಎಷ್ಟು ಬೆಳೆಸಿದರೂ ಸೇರುವುದಿಲ್ಲ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಇಲ್ಲಿ ಅದು ವರ್ಷಗಟ್ಟಲೆ ದುಡಿಮೆಯ ಅಳಿವು ಉಳಿವಿನ ಪ್ರಶ್ನೆ.

ಅವನು ತನ್ನ ಅಳತೆಯನ್ನೇ ಪೂರ್ತಿ ನಂಬಲಿಲ್ಲ. ಭೇಟಿಯ ಜಾಗ ಹತ್ತಿರವಾದಾಗ ಸುರಂಗಗಳನ್ನು ಬೇಕೆಂದೇ ಪಕ್ಕಕ್ಕೆ ಹೊರಳಿಸಿದ. ಒಂದು ದಾರಿ ಇನ್ನೊಂದನ್ನು ಅಡ್ಡಲಾಗಿ ಕತ್ತರಿಸುವಂತೆ ಹೋದರೆ ಎಲ್ಲಾದರೊಂದು ಕಡೆ ಸಂಧಿಸಲೇಬೇಕು. ಎತ್ತರದಲ್ಲಿ ತಪ್ಪಿದ್ದರೆ? ಅದಕ್ಕೂ ಉತ್ತರದ ಸುರಂಗದ ಚಾವಣಿಯನ್ನು ಮೇಲಕ್ಕೆ, ದಕ್ಷಿಣದ ಸುರಂಗದ ನೆಲವನ್ನು ಕೆಳಕ್ಕೆ ಕಡಿಸಿದ. ಕೊನೆಕೊನೆಗೆ ಸುತ್ತಿಗೆಯ ಸದ್ದೂ ದಾರಿ ತೋರಿಸಿರಬೇಕು. ಎರಡು ತಂಡಗಳೂ ಕೂಡಿದವು. ಎತ್ತರದ ವ್ಯತ್ಯಾಸ ಒಂದು ಮೀಟರಿನಷ್ಟೂ ಇರಲಿಲ್ಲ.

ಸುರಂಗದ ನೆಲ ಹೆಚ್ಚುಕಡಿಮೆ ಸಮತಟ್ಟು. ನೀರು ಹರಿಯಲು ಇಳಿಜಾರು ಬೇಕಲ್ಲ? ಅದಕ್ಕಾಗಿ ಸುರಂಗದ ಒಂದು ಅಂಚಿನಲ್ಲಿ ಬೇರೊಂದು ಕಂದಕ ತೋಡಿದರು. ಉತ್ತರದಲ್ಲಿ ಸುಮಾರು 4 ಮೀಟರ್ ಆಳವಿರುವ ಅದು ದಕ್ಷಿಣಕ್ಕೆ ಬರುವಷ್ಟರಲ್ಲಿ 8 ಮೀಟರಿಗೂ ಮೀರುತ್ತದೆ. ಅದರ ತಳದಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಜೋಡಿಸಿದರು. ಇಷ್ಟೆಲ್ಲಕ್ಕೆ ಕನಿಷ್ಠ ಎಂಟು ವರ್ಷ ಹಿಡಿದಿರಬೇಕೆಂದು ಅಂದಾಜು.

ಸುಮಾರು ಒಂದು ಸಾವಿರ ವರ್ಷ ನೀರು ಹರಿಯಿತು. ಆಮೇಲೆ ಹೂಳು ತುಂಬಿ ಸುರಂಗ ಮರೆತುಹೋಯಿತು. ಹೆರೊಡೋಟಸನ ಮಾತನ್ನು ನಂಬಿ 19ನೆಯ ಶತಮಾನದಲ್ಲಿ ಹುಡುಕಿದವರಿಗೆ ಅದು ಮತ್ತೆ ಸಿಕ್ಕಿತು. 1971ರಿಂದ 1973ರವರೆಗೆ ಜರ್ಮನ್ ಪುರಾತತ್ತ್ವಜ್ಞರು ಅದನ್ನು ಪೂರ್ತಿ ತೆರವು ಮಾಡಿದರು. ಎರಡು ತಂಡಗಳು ಕೂಡಿದ ಆ ವಕ್ರ ತಿರುವು ದಕ್ಷಿಣದ ಬಾಯಿಯಿಂದ ಸುಮಾರು 420 ಮೀಟರ್ ಒಳಗಿದೆ.