ಬಾಸೆಲ್ ಮಿಷನ್ ಕೈಗಾರಿಕೆಗಳು

ಬಾಸೆಲ್ ಮಿಷನ್ ಕೈಗಾರಿಕೆಗಳು ಎಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೇಂದ್ರವನ್ನು ಹೊಂದಿದ್ದ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆಯು 19ನೆಯ ಶತಮಾನದಲ್ಲಿ ಕರ್ನಾಟಕದ ಕರಾವಳಿ ಹಾಗೂ ಕೇರಳದ ಮಲಬಾರ್ ಪ್ರದೇಶಗಳಲ್ಲಿ ನಡೆಸಿದ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ಮತ್ತು ವ್ಯಾಪಾರ ಮಳಿಗೆಗಳ ಒಟ್ಟು ಹೆಸರು. ಮತಪ್ರಚಾರಕ್ಕಾಗಿ ಬಂದ ವಿದೇಶಿ ಸಂಸ್ಥೆಯೊಂದು ಸ್ಥಳೀಯ ಭಾಷೆ, ಕಚ್ಚಾವಸ್ತು ಮತ್ತು ಜನರ ಜೀವನೋಪಾಯದ ಅಗತ್ಯಗಳಿಗೆ ಹೊಂದಿಕೊಂಡು ಉದ್ಯಮವಾಗಿ ಬೆಳೆದ ಉದಾಹರಣೆಯಾಗಿ ಇದನ್ನು ಇತಿಹಾಸಕಾರರು ಅಧ್ಯಯನ ಮಾಡುತ್ತಾರೆ. ಮಂಗಳೂರು ಹಂಚು ಈ ಉದ್ಯಮಗಳ ಅತ್ಯಂತ ಪ್ರಸಿದ್ಧ ಉತ್ಪನ್ನವಾಗಿದೆ.

ಹಿನ್ನೆಲೆ

ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪನೆಯಾಯಿತು. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ, ವಿಶೇಷವಾಗಿ ವುರ್ಟೆಂಬರ್ಗ್ ಪ್ರಾಂತದ, ಭಕ್ತಿಪಂಥೀಯ ಕ್ರೈಸ್ತರು ಇದರ ಪೋಷಕರಾಗಿದ್ದರು. ಮಿಷನರಿಗಳಲ್ಲಿ ಹಲವರು ರೈತ ಮತ್ತು ಕುಶಲಕರ್ಮಿ ಕುಟುಂಬಗಳಿಂದ ಬಂದವರು. ಕೈಕೆಲಸದ ಬಗೆಗೆ ಅವರಿಗಿದ್ದ ಗೌರವವು ಮುಂದೆ ಕೈಗಾರಿಕೆಗಳ ಸ್ವರೂಪವನ್ನು ರೂಪಿಸಿತು.

1833ರ ಸನ್ನದು ಶಾಸನದ ಬಳಿಕ ಬ್ರಿಟಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶದಲ್ಲಿ ನೆಲೆಸಲು ಅವಕಾಶ ದೊರೆಯಿತು. 1834ರ ಅಕ್ಟೋಬರಿನಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಕೆಲವು ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ತಲಶ್ಶೇರಿ ಮತ್ತು ಕಣ್ಣೂರುಗಳಲ್ಲಿಯೂ ಕೇಂದ್ರಗಳು ಆರಂಭವಾದವು.

ಭಾಷೆ ಮತ್ತು ಮುದ್ರಣ

ಜರ್ಮನ್ ಮಾತನಾಡುವ ಮಿಷನರಿಗಳು ಇಂಗ್ಲಿಷ್ ಆಳ್ವಿಕೆಯ ಪ್ರದೇಶದಲ್ಲಿದ್ದರೂ ಜನರೊಡನೆ ವ್ಯವಹರಿಸಲು ಸ್ಥಳೀಯ ಭಾಷೆಗಳನ್ನೇ ಕಲಿತರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ಪತ್ರಿಕೆಯೆಂದು ಪರಿಗಣಿತವಾಗಿದೆ. ಮೋಗ್ಲಿಂಗ್ ಸಂಪಾದಿಸಿದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ ಮತ್ತು ದಾಸರ ಪದಗಳಂತಹ ಕ್ರೈಸ್ತೇತರ ಸಾಹಿತ್ಯವೂ ಅಚ್ಚಾಯಿತು.

ತುಳುವನ್ನು ಕನ್ನಡ ಲಿಪಿಯಲ್ಲಿ ಮುದ್ರಿಸುವ ಪದ್ಧತಿ ಬಲಗೊಳ್ಳಲು ಈ ಮುದ್ರಣಾಲಯ ಕಾರಣವಾಯಿತು. 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳನ್ನು ಒಳಗೊಂಡ ಈ ಕೃತಿಯನ್ನು ಕನ್ನಡ ವಿದ್ವಾಂಸರು ಇಂದಿಗೂ ಬಳಸುತ್ತಾರೆ.

ಉದ್ಯಮಗಳ ಅಗತ್ಯ

ಕೈಗಾರಿಕೆಗಳು ಮೂಲತಃ ಲಾಭಕ್ಕಾಗಿ ಆರಂಭವಾದವುಗಳಲ್ಲ. ಆ ಕಾಲದಲ್ಲಿ ಕಸುಬು, ಗೇಣಿಭೂಮಿ ಮತ್ತು ವಾಸದ ಮನೆಗಳು ಜಾತಿ ಹಾಗೂ ಒಡೆಯರ ಸಂಬಂಧವನ್ನು ಅವಲಂಬಿಸಿದ್ದವು. ಮತಾಂತರಗೊಂಡವರನ್ನು ಕುಟುಂಬ ಮತ್ತು ಜಾತಿಗಳು ಹೊರಗಿಟ್ಟಾಗ ಅವರು ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದರು. ಕರಾವಳಿಯಲ್ಲಿ ಮತಾಂತರಗೊಂಡವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಅವರ ಕಸುಬುಗಳಲ್ಲಿ ಒಂದಾದ ಶೇಂದಿ ಇಳಿಸುವಿಕೆಯನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹೀಗಾಗಿ ಬದಲಿ ಉದ್ಯೋಗವನ್ನು ಒದಗಿಸುವ ಹೊಣೆ ಮಿಷನ್‌ನ ಮೇಲೆ ಬಿದ್ದಿತು.

ಬೇಸಾಯ, ಗಡಿಯಾರ ತಯಾರಿಕೆ ಮೊದಲಾದ ಆರಂಭದ ಪ್ರಯೋಗಗಳು ನೆಲೆಗೊಳ್ಳಲಿಲ್ಲ. ಸ್ಥಳದಲ್ಲಿಯೇ ದೊರೆಯುವ ಕಚ್ಚಾವಸ್ತು ಮತ್ತು ಸಮೀಪದಲ್ಲಿಯೇ ಇರುವ ಬೇಡಿಕೆಗಳನ್ನು ಆಧರಿಸಿದ ಉದ್ಯಮಗಳು ಮಾತ್ರ ಉಳಿದುಕೊಂಡವು.

ನೇಯ್ಗೆ

1851ರಲ್ಲಿ ಬಂದ ಜಾನ್ ಹ್ಯಾಲರ್ ಎಂಬ ನೇಯ್ಗೆಯ ತಜ್ಞರು ಮಂಗಳೂರಿನಲ್ಲಿ ಯುರೋಪಿಯನ್ ಮಾದರಿಯ ಮಗ್ಗಗಳನ್ನು ಬಳಕೆಗೆ ತಂದು, ಬಣ್ಣ ಹಾಕುವ ವಿಭಾಗವನ್ನೂ ಬೆಳೆಸಿದರು. ಖಾಕಿ ಬಣ್ಣದ ಬಟ್ಟೆಯನ್ನು ಇಲ್ಲಿ ಮೊದಲು ತಯಾರಿಸಿದ ಕೀರ್ತಿಯನ್ನು ಹ್ಯಾಲರ್ ಅವರಿಗೆ ಸಲ್ಲಿಸುವುದುಂಟು. ಆದರೆ ವಾಯವ್ಯ ಗಡಿಯ 'ಕೋರ್ ಆಫ್ ಗೈಡ್ಸ್' ಸೇನಾತುಕಡಿಯು 1840ರ ದಶಕದಲ್ಲಿಯೇ ಖಾಕಿ ಉಡುಪನ್ನು ಧರಿಸಿತ್ತು. ಆದ್ದರಿಂದ ಮಂಗಳೂರಿನ ಕೊಡುಗೆಯನ್ನು ಬಣ್ಣದ ಆವಿಷ್ಕಾರ ಎನ್ನುವುದಕ್ಕಿಂತ ಅದಕ್ಕೆ ತಕ್ಕ ಬಟ್ಟೆಯ ಉತ್ಪಾದನೆ ಎಂದು ತಿಳಿಯುವುದು ಸೂಕ್ತ.

ಹಂಚಿನ ಕಾರ್ಖಾನೆ

ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ನದಿಯ ದಡದಲ್ಲಿ, ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿನ ವಿನ್ಯಾಸ ಯುರೋಪಿನದು. ಮಣ್ಣು, ಉರುವಲು ಮತ್ತು ದುಡಿಮೆ ಸ್ಥಳೀಯವಾದವು. ಪ್ರತಿವರ್ಷ ಬದಲಿಸಬೇಕಾಗಿದ್ದ ಹುಲ್ಲಿನ ಮಾಡಿಗೆ ಹೋಲಿಸಿದರೆ ಈ ಹಂಚು ಕರಾವಳಿಯ ಭಾರೀ ಮಳೆಯನ್ನು ತಡೆಯುತ್ತಿತ್ತು, ಬೆಂಕಿಗೆ ಆಹುತಿಯಾಗುತ್ತಿರಲಿಲ್ಲ. ಜಲಮಾರ್ಗದ ಅನುಕೂಲದಿಂದ ಇದು ದೂರದ ಬಂದರುಗಳಿಗೂ ರವಾನೆಯಾಯಿತು.

ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್, ಪಾಲಕ್ಕಾಡ್ ಮೊದಲಾದೆಡೆಗಳಲ್ಲಿ ಮಿಷನ್ ಕಾರ್ಖಾನೆಗಳು ತಲೆಯೆತ್ತಿದವು. ತಂತ್ರಜ್ಞಾನವು ಮಿಷನ್‌ನ ಕೈಯಲ್ಲಿಯೇ ಉಳಿಯಲಿಲ್ಲ. 1868ರಲ್ಲಿ ಪಾಣೆಮಂಗಳೂರಿನಲ್ಲಿ ಪಾಸ್ಕಲ್ ಆಲ್ಬುಕರ್ಕ್ ಅವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅನಂತರ ಅನೇಕ ಭಾರತೀಯ ಉದ್ಯಮಿಗಳು ಈ ಕ್ಷೇತ್ರವನ್ನು ಪ್ರವೇಶಿಸಿದರು.

ಆಡಳಿತ ಮತ್ತು ವ್ಯಾಪಾರ ಕಂಪನಿ

1859ರಲ್ಲಿ ಬಾಸೆಲಿನಲ್ಲಿ ಮಿಷನ್ ವ್ಯಾಪಾರ ಕಂಪನಿ ರಚನೆಯಾಯಿತು. ಷೇರು ಬಂಡವಾಳದ ಈ ಕಂಪನಿಯು ಲಾಭದ ಒಂದು ಭಾಗವನ್ನು ಮಿಷನ್‌ನ ಕಾರ್ಯಕ್ಕೆ ನೀಡುತ್ತಿತ್ತು. ಭಾರತದಂತೆಯೇ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್ (ಇಂದಿನ ಘಾನಾ) ಇದರ ಪ್ರಮುಖ ಕಾರ್ಯಕ್ಷೇತ್ರವಾಗಿತ್ತು. ಅಲ್ಲಿ ಇತರ ಯುರೋಪಿಯನ್ ವ್ಯಾಪಾರಿಗಳು ಲಾಭ ಗಳಿಸುತ್ತಿದ್ದ ಮದ್ಯದ ವ್ಯಾಪಾರದಿಂದ ಕಂಪನಿ ದೂರವಿತ್ತು.

ಕಾರ್ಖಾನೆಗಳಲ್ಲಿ ನಿಗದಿತ ಸಮಯದ ದುಡಿಮೆ, ಭಾನುವಾರದ ರಜೆ ಮತ್ತು ಪ್ರಾರ್ಥನೆಗಳು ರೂಢಿಗೆ ಬಂದವು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಸೂರಿನಡಿ ದುಡಿಯಬೇಕಾಗಿತ್ತು. ಮಹಿಳೆಯರೂ ಹೆಚ್ಚಿನ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ಕಾಲಕ್ರಮದಲ್ಲಿ ಕ್ರೈಸ್ತರಲ್ಲದವರಿಗೂ ಇಲ್ಲಿ ಉದ್ಯೋಗ ದೊರೆಯಿತು.

ಸಂಘರ್ಷ ಮತ್ತು ವಿಮರ್ಶೆ

ಸ್ಥಳೀಯ ಸಮಾಜದೊಡನೆ ಮಿಷನ್‌ನ ಸಂಬಂಧ ಸದಾ ಸೌಹಾರ್ದದಿಂದ ಕೂಡಿರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಸೇರಿದಂತೆ ಮೂವರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ತೀವ್ರ ಪ್ರತಿಭಟನೆ ನಡೆಯಿತು. ಕೌಂಡಿನ್ಯರು ಮುಂದೆ ಬಾಸೆಲಿನಲ್ಲಿ ಅಧ್ಯಯನ ಮಾಡಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಮರಳಿದರು.

ಉದ್ಯೋಗ, ವಸತಿ ಮತ್ತು ಧಾರ್ಮಿಕ ಶಿಸ್ತು ಒಂದೇ ಸಂಸ್ಥೆಯ ಅಧೀನದಲ್ಲಿದ್ದುದರಿಂದ ಕೆಲಸಗಾರರು ಒಡೆಯರ ಅವಲಂಬನೆಯಿಂದ ಬಿಡಿಸಿಕೊಂಡು ಮಿಷನ್‌ನ ಅವಲಂಬನೆಗೆ ಒಳಗಾದರು ಎಂಬ ಟೀಕೆಯಿದೆ. ಉದ್ಯೋಗದ ಆಸೆಯಿಂದ ಜನರು ಮತಾಂತರಗೊಳ್ಳಬಹುದೆಂಬ ಆತಂಕ ಮಿಷನರಿಗಳಲ್ಲಿಯೂ ಇತ್ತು. ವ್ಯಾಪಾರವು ಧರ್ಮಕಾರ್ಯಕ್ಕೆ ಪೂರಕವೇ ಅಥವಾ ಅಡ್ಡಿಯೇ ಎಂಬ ಚರ್ಚೆ ಸಂಸ್ಥೆಯೊಳಗೆ ಮುಂದುವರಿಯಿತು. ಇನ್ನೊಂದೆಡೆ, ಕೂಲಿಯನ್ನು ಹಣದ ರೂಪದಲ್ಲಿ ಪಡೆದು, ಹುಟ್ಟಿನ ಕಸುಬಿಗೆ ಹೊರತಾದ ಕುಶಲತೆಯನ್ನು ಕಲಿತವರಿಗೆ ಕಾರ್ಖಾನೆಯು ಹೊಸ ಸ್ಥಾನಮಾನವನ್ನು ಒದಗಿಸಿತು.

ಅವಸಾನ ಮತ್ತು ಪರಂಪರೆ

ಮೊದಲನೆಯ ಮಹಾಯುದ್ಧದಲ್ಲಿ (1914-18) ಬ್ರಿಟಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಬಂಧಿಸಿ, ಅನಂತರ ಸ್ವದೇಶಕ್ಕೆ ಕಳುಹಿಸಿತು. ಕಂಪನಿಯು ಸ್ವಿಟ್ಜರ್ಲೆಂಡಿನದಾಗಿದ್ದರೂ ಅದರ ಭಾರತೀಯ ಉದ್ಯಮಗಳು ಕೈತಪ್ಪಿ 'ಕಾಮನ್‌ವೆಲ್ತ್ ಟ್ರಸ್ಟ್' ಎಂಬ ಬ್ರಿಟಿಷ್ ಸಂಸ್ಥೆಗೆ ಸೇರಿದವು. ಎಂಟು ದಶಕಗಳ ಸ್ಥಳೀಯ ಒಡನಾಟವೂ ರಾಷ್ಟ್ರಗಳ ನಡುವಣ ಯುದ್ಧದಿಂದ ಸಂಸ್ಥೆಯನ್ನು ರಕ್ಷಿಸಲಿಲ್ಲ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಕ್ರೀಟು ತಾರಸಿಯ ಬಳಕೆ, ಜೇಡಿಮಣ್ಣು ಹಾಗೂ ಉರುವಲಿನ ಅಭಾವಗಳಿಂದ ಹಂಚಿನ ಉದ್ಯಮ ಕ್ಷೀಣಿಸಿತು. ಆದರೂ ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆ, ಶಾಲೆ ಹಾಗೂ ರೈಲು ನಿಲ್ದಾಣಗಳ ಮೇಲೆ ಈ ಹಂಚನ್ನು ಇಂದಿಗೂ ಕಾಣಬಹುದು. ಮಿಷನ್‌ನ ದಾಖಲೆಗಳು ಬಾಸೆಲಿನ ಪತ್ರಾಗಾರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಸಂಶೋಧಕರಿಗೆ ಲಭ್ಯವಿವೆ.