ರುಮಾಲು, ಮೋಡಿ, ಜಿಜಿಪ್: ಗಂಟು ಕಟ್ಟುವ ವಿದ್ಯೆಯ ಕತೆ

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಯಾವುದಾದರೂ ಲಗ್ನಪತ್ರಿಕೆ ತೆಗೆದು ನೋಡಿ. ‘ಚಿ||’, ‘ಚಿ|| ಕುಂ|| ಶೋ||’, ‘ಸಾ||’, ‘ತಾ||’, ‘ಜಿ||’ ಎಂದು ಎರಡೆರಡು ಗೀಟು ಹಾಕಿ ನಿಲ್ಲಿಸಿದ ಅಕ್ಷರಗಳೇ ತುಂಬಿರುತ್ತವೆ. ಚಿರಂಜೀವಿ, ಕುಂಕುಮ ಶೋಭಿತೆ, ಸಾಕಿನ್, ತಾಲೂಕು, ಜಿಲ್ಲೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಬರೆದವರ ತಲೆಯಲ್ಲೂ ಓದುವವರ ತಲೆಯಲ್ಲೂ ಒಂದೇ ನಿಘಂಟು ಇರುವುದರಿಂದ ಒಂದಕ್ಷರ ಇಡೀ ಪದದ ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ಕಡತ ಕುಗ್ಗಿಸುವ ವಿದ್ಯೆಯ ಮೂಲತತ್ವವೂ ಇದೇ. ಅದರ ಇತಿಹಾಸವನ್ನು ನಮ್ಮ ಮೂರು ಊರುಗಳ ಕಡೆಯಿಂದ ನೋಡುವುದು ನನ್ನ ಉದ್ದೇಶ.

ಕುಗ್ಗಿಸುವುದಕ್ಕೆ ಮೊದಲು ಗಂಟು ಕಟ್ಟುವ ಮಾತು. ನರಗುಂದದಲ್ಲಿ ಭಾವೆ ಮನೆತನ, ಗಜೇಂದ್ರಗಡದಲ್ಲಿ ಘೋರ್ಪಡೆ ಮನೆತನ ಆಳುತ್ತಿದ್ದ ಕಾಲದಲ್ಲಿ ದರಬಾರಿನ ಕಾಗದಪತ್ರ ನಡೆಯುತ್ತಿದ್ದುದು ಹೆಚ್ಚಾಗಿ ಮೋಡಿ ಲಿಪಿಯಲ್ಲಿ. ಟಿಪ್ಪು 1785ರಲ್ಲಿ ನರಗುಂದವನ್ನು ಹಿಡಿದದ್ದು ಮರಾಠರೊಂದಿಗಿನ ಯುದ್ಧಕ್ಕೆ ಒಂದು ಕಾರಣವಾಯಿತು. 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಆ ಕಾಲದ ಮರಾಠಾ ದಾಖಲೆಗಳು ಪುಣೆಯ ಪೇಶ್ವೆ ದಫ್ತರದಲ್ಲಿ ಇಂದಿಗೂ ಬಟ್ಟೆಯ ಗಂಟುಗಳಲ್ಲಿವೆ. ಆ ಗಂಟಿಗೆ ‘ರುಮಾಲು’ ಎಂದೇ ಹೆಸರು. ರುಮಾಲು ಕಾಗದವನ್ನು ಚಿಕ್ಕದು ಮಾಡುವುದಿಲ್ಲ. ಬಿಡಿ ಹಾಳೆಗಳು ಕಳೆಯದಂತೆ ಒಂದೆಡೆ ಹಿಡಿದಿಡುತ್ತದೆ, ಅಷ್ಟೆ.

ಯುನಿಕ್ಸ್ ಲೋಕದಲ್ಲಿ ಈ ರುಮಾಲಿನ ಹೆಸರು ‘ಟಾರ್’. ಟೇಪ್ ಆರ್ಕೈವ್ ಎಂಬುದರ ಕುಗ್ಗಿದ ರೂಪ. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯ ಕಾಲದಿಂದ ಅದು ನೂರಾರು ಕಡತಗಳನ್ನು ಸಾಲಾಗಿ ಜೋಡಿಸಿ ಒಂದೇ ಕಡತ ಮಾಡುತ್ತ ಬಂದಿದೆ. ಗಾತ್ರ ಇಳಿಸುವ ಕೆಲಸ ಇನ್ನೊಬ್ಬನದು. ಆ ಇನ್ನೊಬ್ಬನೇ ಜಿಜಿಪ್.

ಇದರ ಹಿಂದೆ ಇಬ್ಬರು ಇಸ್ರೇಲಿ ವಿದ್ವಾಂಸರಿದ್ದಾರೆ. ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು: ಒಮ್ಮೆ ಬಂದ ಅಕ್ಷರಸಾಲು ಮತ್ತೆ ಬಂದರೆ ಅದನ್ನು ಮತ್ತೆ ಬರೆಯಬೇಡಿ, ‘ಇಷ್ಟು ಹಿಂದೆ ಹೋಗಿ, ಇಷ್ಟು ಉದ್ದ ನಕಲು ಮಾಡಿ’ ಎಂಬ ಎರಡು ಅಂಕಿ ಸಾಕು. ಇದನ್ನು ಅರ್ಥಮಾಡಿಕೊಳ್ಳಲು ಸೂಡಿಗೆ ಹೋಗಬೇಕು. ಹಿಂದೆ ರೋಣ ತಾಲೂಕಿಗೆ ಸೇರಿದ್ದು, ಈಗ ಗಜೇಂದ್ರಗಡ ತಾಲೂಕಿನಲ್ಲಿರುವ ಸೂಡಿ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಊರು. ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ನಾಡಿನದು. ಅಲ್ಲಿನ ಶಾಸನಗಳನ್ನು ಲಯೋನೆಲ್ ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 15ನೇ ಸಂಪುಟದಲ್ಲಿ ಪ್ರಕಟಿಸಿದರು. ಚಾಲುಕ್ಯ ಶಾಸನಗಳನ್ನು ಒಂದರ ಹಿಂದೊಂದು ಓದಿದವರಿಗೆ ಗೊತ್ತು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂಬ ಬಿರುದುಗಳ ಸಾಲು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತದೆ. ದಾನ ಕೊಟ್ಟವರು, ಭೂಮಿಯ ಎಲ್ಲೆ, ತಿಥಿ ಮಾತ್ರ ಬೇರೆ. ಕಲ್ಲುಕುಟಿಗ ಪ್ರತಿ ಕಲ್ಲಿನಲ್ಲೂ ಅದನ್ನು ಪೂರ್ತಿ ಕೆತ್ತಬೇಕಿತ್ತು. ಅವೇ ಪಾಠಗಳನ್ನು ಒಂದೇ ಕಡತದಲ್ಲಿ ಬೆರಳಚ್ಚು ಮಾಡಿ ಜಿಜಿಪ್‌ಗೆ ಕೊಟ್ಟರೆ, ಬಿರುದಿನ ಸಾಲು ಎರಡನೇ ಸಲ ಹತ್ತಿರದಲ್ಲೇ ಬಂದಾಗ ಹಿಂದಕ್ಕೆ ಬೆರಳು ತೋರಿಸಿ ಸುಮ್ಮನಾಗುತ್ತದೆ.

ಎರಡನೇ ಉಪಾಯ ಡೇವಿಡ್ ಹಫ್‌ಮನ್‌ನದು. ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆ ಬದಲಾಗಿ ಬರೆದ ಪ್ರಬಂಧದಲ್ಲಿ ಆತ ಕಂಡುಕೊಂಡದ್ದನ್ನು 1952ರಲ್ಲಿ ಪ್ರಕಟಿಸಿದ: ಹೆಚ್ಚು ಸಲ ಬರುವ ಚಿಹ್ನೆಗೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ಈ ಎರಡನ್ನೂ ಕೂಡಿಸಿ ಅಮೆರಿಕದ ಫಿಲ್ ಕಾಟ್ಜ್ ತನ್ನ ಜಿಪ್ ತಂತ್ರಾಂಶಕ್ಕಾಗಿ ‘ಡಿಫ್ಲೇಟ್’ ಎಂಬ ಕ್ರಮ ರೂಪಿಸಿದ. ಅಷ್ಟರಲ್ಲಿ ಯುನಿಕ್ಸ್‌ನ ಹಳೆಯ ‘ಕಂಪ್ರೆಸ್’ ಬಳಸುತ್ತಿದ್ದ ವಿಧಾನದ ಮೇಲೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಎಲ್ಲರೂ ಮುಕ್ತವಾಗಿ ಬಳಸಬಹುದಾದ ಸಾಧನ ಬೇಕೆಂದು ಜೀನ್-ಲೂಪ್ ಗೈಯಿ ಮತ್ತು ಮಾರ್ಕ್ ಆಡ್ಲರ್ ಡಿಫ್ಲೇಟ್ ಬಳಸಿ 1992ರಲ್ಲಿ ಜಿಜಿಪ್ ಹೊರತಂದರು. 1996ರಲ್ಲಿ ಅದರ ಕ್ರಮವನ್ನು ಯಾರು ಬೇಕಾದರೂ ಓದಿ ಹೊಸದಾಗಿ ಬರೆದುಕೊಳ್ಳುವಂತೆ ಪ್ರಕಟಿಸಲಾಯಿತು. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಈಗ ಕನ್ನಡದ ಲೆಕ್ಕ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತು. ಆದರೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ, ಸ್ವರಚಿಹ್ನೆಗೂ, ಒತ್ತು ತರುವ ವಿರಾಮಕ್ಕೂ ಮೂರು ಮೂರು ಬೈಟ್ ಬೇಕು. ರೋಣ ಎಂದು ಇಂಗ್ಲಿಷಿನಲ್ಲಿ ಬರೆದರೆ 3 ಬೈಟ್, ಕನ್ನಡದಲ್ಲಿ 9. ನರಗುಂದ ಅಲ್ಲಿ 7, ಇಲ್ಲಿ 18. ಗಜೇಂದ್ರಗಡ ಅಲ್ಲಿ 11, ಇಲ್ಲಿ 27. ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲೇ ಬರೆಯುವವನು ತೆರುವ ಸುಂಕ ಇದು.

ಈ ಸುಂಕದ ಬಹುಪಾಲನ್ನು ಜಿಜಿಪ್ ವಾಪಸು ಕೊಡಿಸುತ್ತದೆ. ರೋಣ ಎಂಬುದು ಕಂಪ್ಯೂಟರಿಗೆ ಕಾಣುವುದು ಹೀಗೆ: 224, 178, 176, 224, 179, 139, 224, 178, 163. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಇಲ್ಲವೇ 179. ನಿಜವಾದ ಸುದ್ದಿ ಹೆಚ್ಚಾಗಿ ಮೂರನೆಯದರಲ್ಲಿ ಮಾತ್ರ. ಇಷ್ಟೊಂದು ಸಲ ಬರುವ 224ಕ್ಕೆ ಹಫ್‌ಮನ್‌ನ ಕ್ರಮ ಬಹಳ ಚಿಕ್ಕ ಸಂಕೇತ ಕೊಡುತ್ತದೆ.

ಆದರೆ ಒಂದು ಕಡೆ ಕನ್ನಡಕ್ಕೆ ನಷ್ಟ ಉಳಿದೇ ಇದೆ. ಜಿಜಿಪ್‌ನ ನೆನಪು 32,768 ಬೈಟ್ ಮಾತ್ರ. ಅದಕ್ಕಿಂತ ಹಿಂದಿನದನ್ನು ಅದು ನೋಡಲಾರದು. ಇಂಗ್ಲಿಷಿಗೆ ಅದು 32 ಸಾವಿರಕ್ಕೂ ಹೆಚ್ಚು ಅಕ್ಷರ. ಕನ್ನಡಕ್ಕೆ ಸುಮಾರು 10,900 ಸಂಕೇತ. ಅಷ್ಟು ದೂರ ಕಳೆದು ಮತ್ತೆ ಬಂದ ಬಿರುದಿನ ಸಾಲು ಅದಕ್ಕೆ ಹೊಸದೇ. ಒಂದು ಬಾರಿಗೆ 258 ಬೈಟ್‌ವರೆಗೆ, ಅಂದರೆ ಕನ್ನಡದ 86 ಸಂಕೇತಗಳವರೆಗೆ ಮಾತ್ರ ಹಿಂದಿನದನ್ನು ನಕಲು ಮಾಡಬಲ್ಲದು. ಆದ್ದರಿಂದ ದೊಡ್ಡ ಕನ್ನಡ ಗ್ರಂಥಕ್ಕೆ ನಾನು ‘ಎಕ್ಸ್‌ಝಡ್’ ಬಳಸುತ್ತೇನೆ. ಮಾಮೂಲಿ ಹೊಂದಿಕೆಯಲ್ಲೇ ಅದು 8 ಎಂಬಿಯಷ್ಟು ಹಿಂದೆ ನೋಡಬಲ್ಲದು. ಕಾಲ ಹೆಚ್ಚು ಹಿಡಿಯುತ್ತದೆ, ಗಂಟು ಚಿಕ್ಕದಾಗುತ್ತದೆ.

ಇಷ್ಟೆಲ್ಲ ಕುಗ್ಗಿಸಿದರೂ ಬಿಚ್ಚಿದಾಗ ಒಂದು ಬೈಟೂ ವ್ಯತ್ಯಾಸವಾಗಬಾರದು. ಜಿಜಿಪ್ ಕಡತದ ಕೊನೆಯಲ್ಲಿ ಮೂಲದ ತಾಳೆಸಂಖ್ಯೆ ಮತ್ತು ಗಾತ್ರ ಬರೆದಿಟ್ಟಿರುತ್ತದೆ. ಬಿಚ್ಚುವಾಗ ತಾಳೆಯಾಗದಿದ್ದರೆ ದೂರು ಹೇಳುತ್ತದೆ. ಇದಕ್ಕೆ ವಿರುದ್ಧವಾದ ಕುಗ್ಗಿಕೆಯೂ ಉಂಟು. ರೋಣ ತಾಲೂಕಿನ ಸವಡಿಯವನೆಂದು ಹೇಳಲಾಗುವ ದುರ್ಗಸಿಂಹ 1031ರ ಸುಮಾರಿಗೆ ಕನ್ನಡ ಪಂಚತಂತ್ರ ಬರೆದ. ಗುಣಾಢ್ಯನ ಬೃಹತ್ಕಥೆಯಿಂದ ವಸುಭಾಗಭಟ್ಟ ಆರಿಸಿದ ಕತೆಗಳು ತನಗೆ ಆಧಾರವೆಂದು ಅವನೇ ಹೇಳುತ್ತಾನೆ. ಪೈಶಾಚಿಯ ಆ ಬೃಹತ್ಕಥೆ ಇಂದು ನಮಗೆ ಸಿಕ್ಕಿಲ್ಲ. ಪಂಚತಂತ್ರ ಎಷ್ಟೇ ಸೊಗಸಾಗಿರಲಿ, ಅದರಿಂದ ಬೃಹತ್ಕಥೆಯನ್ನು ಮತ್ತೆ ಬಿಚ್ಚಿ ಹರಡಲಾಗದು. ಮೊಬೈಲಿನ ಫೋಟೊ ಕುಗ್ಗುವುದೂ ಹೀಗೆಯೇ. ಶಾಸನದ ಚಿತ್ರವನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಎಂದು ಕಳಿಸುತ್ತ ಹೋದಂತೆ ಸವೆದ ಅಕ್ಷರದ ಅಂಚು ಇನ್ನಷ್ಟು ಸವೆಯುತ್ತದೆ. ಗಾಳಿ ಮಳೆ ಉಳಿಸಿದ್ದನ್ನು ನಾವೇ ಅಳಿಸುತ್ತೇವೆ. ಚಿತ್ರವನ್ನು ಟಾರ್ ಗಂಟಿನಲ್ಲಿಟ್ಟು ಕಡತವಾಗಿ ಕಳಿಸಿದರೆ ಗಾತ್ರ ಇಳಿಯದು, ಆದರೆ ಇದ್ದದ್ದು ಇದ್ದಂತೆ ತಲುಪುತ್ತದೆ.

ಗಂಟು ಉಳಿದರೆ ಸಾಲದು, ಬಿಚ್ಚುವವರೂ ಉಳಿಯಬೇಕು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಬಳಿ ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವಿತ್ತೆಂದು ಬ್ರಿಟಿಷರ ಬರಹಗಳೇ ಹೇಳುತ್ತವೆ. 1858ರ ಬಂಡಾಯದ ನಂತರ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇಂದು ನರಗುಂದದ ಗುಡ್ಡ ಹತ್ತಿದರೆ ಕೋಟೆಯ ಅವಶೇಷ ಸಿಗುತ್ತದೆ, ಪುಸ್ತಕಗಳಲ್ಲ. ಅತ್ತ ರುಮಾಲುಗಳಲ್ಲಿ ಕಾಗದ ಉಳಿದಿದೆ; ಮೋಡಿ ಓದುವವರು ಬೆರಳೆಣಿಕೆಯಷ್ಟಾಗಿದ್ದಾರೆ. ನಮ್ಮ ಕಾಲದ ಮೋಡಿಯೂ ಇದೆ. ಯೂನಿಕೋಡಿಗೆ ಮುಂಚೆ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾದ ಊರಿನ ಸ್ಮರಣಸಂಚಿಕೆ, ಜಾತ್ರೆಯ ಪುಸ್ತಕಗಳ ಕಡತಗಳನ್ನು ನಾನು ಬಿಚ್ಚಿದ್ದೇನೆ. ಜಿಪ್ ಗಂಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಬರಹ ಮಾತ್ರ ಆ ಕಾಲದ ಫಾಂಟ್ ಇಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕ ತಂತ್ರಾಂಶ ಬರೆದ ಕನ್ನಡಿಗರಿಂದಾಗಿ ಅವುಗಳಲ್ಲಿ ಎಷ್ಟೋ ಮತ್ತೆ ಓದಲು ಬಂದಿವೆ.

ಹಾಗಾಗಿ ಊರಿನ ಬರಹ ಕಾಪಿಡಬೇಕೆನ್ನುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಪಠ್ಯವನ್ನು ಯೂನಿಕೋಡಿನಲ್ಲಿಡಿ. ಟಾರ್‌ನಿಂದ ಕಟ್ಟಿ, ಜಿಜಿಪ್ ಇಲ್ಲವೇ ಎಕ್ಸ್‌ಝಡ್‌ನಿಂದ ಕುಗ್ಗಿಸಿ. ಎರಡೂ ಸಾಮಾನ್ಯವಾಗಿ ಮೂಲ ಕಡತವನ್ನು ತೆಗೆದುಹಾಕಿ ಕುಗ್ಗಿದ್ದನ್ನು ಮಾತ್ರ ಉಳಿಸುತ್ತವೆ. ಮೂಲವೂ ಬೇಕಿದ್ದರೆ ಆಜ್ಞೆಯ ಜೊತೆ ‘ಕೆ’ ಸೇರಿಸಿ. ‘ಟಿ’ ಸೇರಿಸಿ ಗಂಟು ಸರಿಯಿದೆಯೇ ಎಂದು ಪರೀಕ್ಷಿಸಿ, ‘ಡಿ’ ಸೇರಿಸಿ ಬಿಚ್ಚಿ. ಗಂಟಿನೊಳಗೆ ಏನಿದೆ, ಯಾರು, ಯಾವಾಗ, ಯಾವ ಪ್ರತಿಯಿಂದ ಬೆರಳಚ್ಚು ಮಾಡಿದರು ಎಂಬ ಒಂದು ಚೀಟಿಯನ್ನೂ ಕನ್ನಡದಲ್ಲಿ ಬರೆದು ಒಳಗಿಡಿ. ಸೂಡಿಯ ಕಲ್ಲುಗಳು ದಾನದ ಜೊತೆಗೆ ಅರಸನ ಹೆಸರು, ತಿಥಿ, ಎಲ್ಲೆ ಎಲ್ಲವನ್ನೂ ಹೇಳಿ ನಿಂತಿವೆ. ಸಾವಿರ ವರ್ಷದ ಮೇಲೂ ಅವುಗಳನ್ನು ಓದಲಾಗುತ್ತಿರುವುದು ಆ ವಿವರದಿಂದಲೇ.